ಊದಿನಕಡ್ಡಿ ಹಚ್ಚಿ, ತೂಕವೂ ಸರಿ ಇರಲಿ

ಸಂಪಾದಕರೇ,

ಮೊನ್ನೆ ನಮ್ಮ ಬಡಾವಣೆಯ ಸಿಹಿತಿಂಡಿ ಅಂಗಡಿಯಲ್ಲಿ, ಬಸವಣ್ಣನ ಫೋಟೊ ಕೆಳಗೇ, ದಪ್ಪ ರಟ್ಟಿನ ಡಬ್ಬ ಸೇರಿಸಿ ಮೈಸೂರು ಪಾಕ್ ತೂಗಿದರು. ಕೇಳಿದ್ದಕ್ಕೆ ‘ಎಲ್ಲಾ ಕಡೆ ಹೀಗೇ ಸಾರ್’ ಅಂದರು. ಡಬ್ಬದ ತೂಕಕ್ಕೆ ದುಡ್ಡು ತಗೊಳ್ಳೋದು ಕಾನೂನಿಗೂ ತಪ್ಪು, ಅದಿರಲಿ. 12ನೇ ಶತಮಾನದ ಕಲ್ಯಾಣದಲ್ಲಿ, ಅದೇ ಬಸವಣ್ಣನ ಕಾಲದ ಶರಣ, ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯ ಆ ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಲೆ ಮೇಲಿಡದೆ, ತಂದಲ್ಲೇ ಸುರಿದು ಬನ್ನಿ ಎಂದು ವಾಪಸ್ ಕಳಿಸಿದರು. ಅವರೇನು ಸಾಹುಕಾರರಲ್ಲ. ಬಸವ ಜಯಂತಿಗೆ ಪಾನಕ ಹಂಚುವ ನಮ್ಮ ವ್ಯಾಪಾರಿಗಳು, ಹೂವಿನ ಹಾರ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ, ತಕ್ಕಡಿ ಸರಿ ಇಟ್ಟುಕೊಳ್ಳಲಿ, ಕೆಲಸದ ಹುಡುಗರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡಲಿ. ಮನೆಯಲ್ಲಿ ನಾವೂ ಅಷ್ಟೇ: ಹಬ್ಬದ ದಿನ ಕಾವೇರಿ ನೀರಲ್ಲಿ ಕಾರು ತೊಳೆಯೋದು ಯಾವ ಪೂಜೆ?

– ಒಬ್ಬ ಗ್ರಾಹಕ, ಬೆಂಗಳೂರು