ಸ್ಟೀರಾಯ್ಡ್ ಬಗ್ಗೆ ಪೋಷಕರಿಗೊಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಈ ಸಲ ಪರೀಕ್ಷೆ, ಅಂಕದ ವಿಷಯ ಅಲ್ಲ. ಪೋಷಕರ ಸಭೆಯಲ್ಲಿ ಎರಡು ಮಾತು ಕಿವಿಗೆ ಬಿತ್ತು. "ಮಗಳ ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆಯಂತೆ, ನಿಲ್ಲಿಸಿಬಿಟ್ಟೆವು" ಅಂದರು ಒಬ್ಬರು. "ಜಿಮ್‌ನಲ್ಲಿ ಇಂಜೆಕ್ಷನ್ ತಗೊಂಡ್ರೆ ಬೇಗ ಮೈ ಬರುತ್ತಂತೆ, ಒಂದೆರಡು ತಗೊಂಡ್ರೆ ಏನೂ ಆಗಲ್ಲ ಅಲ್ವಾ?" ಅಂತ ಕೇಳಿದರು ಇನ್ನೊಬ್ಬರು. ನನಗೆ ಇದು ಪೂರ್ತಿ ತಿರುಗುಮುರುಗಾಗಿ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಸ್ಟೀರಾಯ್ಡ್ ಹೊರಗಿನಿಂದ ಬಂದ ವಿಷವೇನಲ್ಲ. ನಮ್ಮ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ತಯಾರಿಸುತ್ತವೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಕೂಡ ಸ್ಟೀರಾಯ್ಡೇ. ಔಷಧಗಳಲ್ಲಿ ಈ ಎರಡು ಜಾತಿಯವೂ ಇವೆ, ಎರಡರ ಕೆಲಸ ಪೂರ್ತಿ ಬೇರೆ.

ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಕಾರ್ಟಿಸಾಲ್ ಜಾತಿಯದ್ದನ್ನು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ನಡೆಯಲೂ ಒದ್ದಾಡುತ್ತಿದ್ದ ಮಹಿಳೆಗೆ ಇದನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಜೊತೆಗೆ ರಸಾಯನಶಾಸ್ತ್ರಜ್ಞರಾದ ಕೆಂಡಾಲ್, ರೈಕ್‌ಸ್ಟೈನ್ ಅವರಿಗೂ ಸೇರಿ ಮೂವರಿಗೂ ನೊಬೆಲ್ ಬಂತು. ಊತ, ಉರಿ, ಅಲರ್ಜಿ ತಗ್ಗಿಸುವುದು ಇದರ ಕೆಲಸ. ಆಸ್ತಮಾ, ಎಕ್ಸಿಮಾ ಎಂಬ ಚರ್ಮದ ತುರಿಕೆ, ಮಕ್ಕಳ ಕೆಲವು ಕಿಡ್ನಿ ಕಾಯಿಲೆಗಳಿಗೆ ಇವತ್ತಿಗೂ ಇದೇ ಆಧಾರ.

ಇನ್‌ಹೇಲರ್ ವಿಷಯಕ್ಕೆ ಬರೋಣ. ಒಂದು ಸಲ ಎಳೆದಾಗ ಬರುವುದು ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. 20 ಮಿಲಿಗ್ರಾಂ ಸ್ಟೀರಾಯ್ಡ್ ಮಾತ್ರೆಯ ಪಕ್ಕ ಇಟ್ಟು ನೋಡಿ! ಇನ್‌ಹೇಲರ್ ಔಷಧ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಮೈಗೆಲ್ಲ ಹರಡುವುದು ಕಡಿಮೆ. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರ ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗಬಹುದು, ಅದು ನಿಜ. ಆದರೆ ಹತೋಟಿಗೆ ಸಿಗದ ಆಸ್ತಮಾ ಜೀವವನ್ನೇ ತೆಗೆಯಬಹುದು. ಮಗು ಚೆನ್ನಾಗಿದೆ ಅಂತ ಔಷಧ ನಿಲ್ಲಿಸುತ್ತೀರಿ, ಚೆನ್ನಾಗಿರುವುದೇ ಆ ಔಷಧದಿಂದ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬೂಸ್ಟು ಬರಬಹುದು. ಉಸಿರು ಕಟ್ಟಿದಾಗ ತಕ್ಷಣ ಎಳೆಯುವ ಇನ್‌ಹೇಲರ್ ಬೇರೆ, ಅದು ಸದಾ ಬ್ಯಾಗಿನಲ್ಲಿರಲಿ.

ಮಾತ್ರೆಗಳ ಕಥೆ ಸ್ವಲ್ಪ ಗಂಭೀರ. ವಾರಗಟ್ಟಲೆ ತೆಗೆದುಕೊಂಡರೆ ಹಸಿವು ಜಾಸ್ತಿ, ಸಿಟ್ಟು ಜಾಸ್ತಿ, ಮುಖ ದುಂಡಗಾಗುತ್ತದೆ. ತರಗತಿಯಲ್ಲಿ ಅಡ್ಡಹೆಸರು ಇಡೋಕೆ ಅಷ್ಟು ಸಾಕು. ಮೊದಲೇ ತಿಳಿಸಿದರೆ ಶಿಕ್ಷಕರು ನೋಡಿಕೊಳ್ಳುತ್ತಾರೆ. ಇಂಥ ಮಾತ್ರೆಯನ್ನು ಇದ್ದಕ್ಕಿದ್ದಂತೆ ಮಾತ್ರ ನಿಲ್ಲಿಸಬೇಡಿ. ಹೊರಗಿನಿಂದ ಸಿಗುತ್ತಿದೆ ಅಂತ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಬಿಟ್ಟಿರುತ್ತದೆ, ಅದು ಮತ್ತೆ ಶುರುಮಾಡಲು ಸಮಯ ಬೇಕು. ವೈದ್ಯರು ಹಂತ ಹಂತವಾಗಿ ಇಳಿಸುವುದು ಅದಕ್ಕೇ. ತರಗತಿಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್ ಬಂದರೂ, ಈ ಮಾತ್ರೆ ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುವುದರಿಂದ, ಇದನ್ನು ತೆಗೆದುಕೊಳ್ಳುವ ಮಕ್ಕಳ ಪೋಷಕರು ಅದೇ ದಿನ ವೈದ್ಯರಿಗೆ ಹೇಳಬೇಕು.

ಮುಖ ಬೆಳ್ಳಗಾಗಲಿ, ಹುಳುಕಡ್ಡಿ ಹೋಗಲಿ ಅಂತ ಯಾರೋ ಹೇಳಿದ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ಮೊದಲು ಕಮ್ಮಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇನ್ನಷ್ಟು ಹಬ್ಬುತ್ತದೆ.

ಇನ್ನು ಜಿಮ್ ಇಂಜೆಕ್ಷನ್. ಇದು ಟೆಸ್ಟೋಸ್ಟೆರಾನ್ ಜಾತಿಯದ್ದು, ಅನಬಾಲಿಕ್ ಅಂದರೆ ಸ್ನಾಯು ಬೆಳೆಸುವ ಸ್ಟೀರಾಯ್ಡ್. ಪ್ರೌಢಾವಸ್ಥೆ ತಡವಾದ ಹುಡುಗರಿಗೆ ವೈದ್ಯರು ಲೆಕ್ಕ ಹಾಕಿ ಕೊಡುವುದುಂಟು. ಸುಮ್ನೆ ಮೈ ಬರಲಿ ಅಂತ ತೆಗೆದುಕೊಳ್ಳುವುದು ಬೇರೆಯೇ ಮಾತು. ಸ್ನಾಯು ಬೆಳೆಯುತ್ತದೆ, ಸುಳ್ಳಲ್ಲ. ಹುಡುಗರು ನಂಬುವುದೂ ಅದು ಕಣ್ಣಿಗೆ ಕಾಣುವುದರಿಂದಲೇ. ಆದರೆ ಬೆಳೆಯುವ ಮೂಳೆಯ ತುದಿಗಳು ಬೇಗ ಮುಚ್ಚಿಕೊಳ್ಳುತ್ತವೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ. ವೃಷಣ ಚಿಕ್ಕದಾಗುತ್ತದೆ, ಹುಡುಗರಿಗೆ ಎದೆ ಊದಿಕೊಳ್ಳಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಇಳಿದು ಹೃದಯಕ್ಕೆ ಪೆಟ್ಟು ಬೀಳುತ್ತದೆ. ಹುಡುಗಿಯರ ದನಿ ಒಡೆದರೆ ಮತ್ತೆ ಮೊದಲಿನಂತಾಗದೇ ಇರಬಹುದು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಭಯ ಬೇರೆ.

ಕ್ರೀಡೆಯಲ್ಲಿ ಇದು ನಿಷಿದ್ಧ ಅಂತ ಮಕ್ಕಳಿಗೂ ಗೊತ್ತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಓಟಗಾರ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದರು. ಸ್ಟ್ಯಾನೊಜೊಲಾಲ್ ಎಂಬ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಗಿ ಮೂರೇ ದಿನಕ್ಕೆ ಚಿನ್ನ ಕೈತಪ್ಪಿತು.

ಮಗನ ಮುಖ, ಬೆನ್ನಿನ ತುಂಬ ದಿಢೀರನೆ ಮೊಡವೆ ಎದ್ದರೆ, ಎರಡು ತಿಂಗಳಲ್ಲಿ ಅಂಗಿ ಬಿಗಿಯಾದರೆ, ಸಣ್ಣ ಮಾತಿಗೂ ಮೈಮೇಲೆ ಬಂದರೆ ಕೂತು ಮಾತಾಡಿ. ಬೈದರೆ ಬಚ್ಚಿಡುತ್ತಾರೆ. ಆಗಲೇ ತೆಗೆದುಕೊಳ್ಳುತ್ತಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಕಡೆಯಿಂದ ಎರಡು ನಿಯಮ. ತರಬೇತುದಾರರೂ ಸೇರಿ ಶಾಲೆಯಲ್ಲಿ ಯಾರೂ ಮಕ್ಕಳಿಗೆ ಪೌಡರ್, ಮಾತ್ರೆ ಕೊಡುವಂತಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಕ್ಕಳ ಔಷಧ ಚೀಟಿಯ ಪ್ರತಿ, ನಿಮ್ಮ ಫೋನ್ ನಂಬರ್ ಕಚೇರಿಯಲ್ಲಿರಬೇಕು. ಮುಂದಿನ ಸೋಮವಾರದೊಳಗೆ ಮುಚ್ಚಿದ ಲಕೋಟೆಯಲ್ಲಿ ಕಳಿಸಿ. ತರಗತಿ ಶಿಕ್ಷಕರು ಮತ್ತು ನಾನು ಬಿಟ್ಟರೆ ಬೇರೆ ಯಾರೂ ಅದನ್ನು ನೋಡುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕರು