ಗುಂಡನಿಗೆ, ಸೇಂಟ್ ಆಂಡ್ರ್ಯೂಸ್‌ನಿಂದ

ಲೋ ಗುಂಡ,

ಫೋನ್ ಮಾಡಿದರೆ ಬೈಯುತ್ತೀಯ ಅಂತ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಜನರೆದುರು ನೀನು ಬಲು ಸಭ್ಯ ಅಲ್ವಾ.

ಹೋದ ಭಾನುವಾರ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿದ್ದೆ, ಗಾಲ್ಫಿನ ತವರಿಗೆ. ಅಲ್ಲಿನ ಓಲ್ಡ್ ಕೋರ್ಸ್ ಅನ್ನೋ ಗಾಲ್ಫ್ ಮೈದಾನವನ್ನು ಯಾರೋ ನಕ್ಷೆ ಬರೆದು ಮಾಡಿದ್ದಲ್ಲ. ಕಡಲಿಗೂ ಹೊಲಗಳಿಗೂ ನಡುವೆ ಬೆಳೆ ಬಾರದ ಮರಳು ನೆಲ, ಕುರಿ ಮೊಲ ಮೇಯುತ್ತಿದ್ದ ಜಾಗ. 1457ರಲ್ಲಿ ರಾಜ ಎರಡನೇ ಜೇಮ್ಸ್, ಜನ ಬಿಲ್ಲು ಬಾಣದ ಅಭ್ಯಾಸ ಬಿಟ್ಟು ಇದಕ್ಕೇ ಅಂಟಿಕೊಂಡಿದ್ದಾರೆ ಅಂತ ಆಟವನ್ನೇ ನಿಷೇಧಿಸಿದ. ಯಾರು ಕೇಳಿದರು!

ಊರಿಂದ ಹೊರಟು ದೂರ ಹೋಗಿ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿ, ಹೋದ ದಾರಿಯ ಪಕ್ಕದಲ್ಲೇ ವಾಪಸ್ ಬರಬೇಕು. ಹಾಗಾಗಿ ಹೋಗುವವರಿಗೂ ಬರುವವರಿಗೂ ಒಂದೇ ಗ್ರೀನ್, ಅಂದರೆ ಚೆಂಡು ಬೀಳಿಸುವ ಕುಳಿಯ (ಹೋಲ್) ಸುತ್ತಲಿನ ನುಣ್ಣನೆ ಹುಲ್ಲು: 2ನೇ ಹೋಲ್‌ಗೆ 16 ಜೋಡಿ, 3ಕ್ಕೆ 15, ಹೀಗೆ ಏಳು ಜೋಡಿ. ಯಾವುದನ್ನು ಕೂಡಿದರೂ 18. ನಿನ್ನ ಕ್ಯಾಂಟೀನ್ ಲೆಕ್ಕದ ಹಾಗಲ್ಲ. ಮೊದಲು ಒಂದು ಸುತ್ತಿಗೆ 22 ಹೋಲ್ ಇತ್ತಂತೆ, 1764ರಲ್ಲಿ ಗಿಡ್ಡ ಹೋಲ್‌ಗಳನ್ನು ಒಂದುಮಾಡಿ 18ಕ್ಕೆ ಇಳಿಸಿದರು, ಆಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು. 112 ಮರಳು ಗುಂಡಿಗಳಿವೆ. 14ನೇ ಹೋಲ್‌ನಲ್ಲಿರುವ ದೊಡ್ಡದರ ಹೆಸರು ನರಕ, ಹೆಲ್ ಬಂಕರ್.

ಭಾನುವಾರ ಆಟ ಇಲ್ಲ, ಊರಿಗೆಲ್ಲ ಪಾರ್ಕು. ನಾಯಿ ಹಿಡಿದ ಅಜ್ಜಿಯರು ಆರಾಮಾಗಿ ಓಡಾಡುತ್ತಿದ್ದರು. ಇಲ್ಲಿ ಆಡುವ ಹಕ್ಕನ್ನು 1552ರಲ್ಲೇ ಆರ್ಚ್‌ಬಿಷಪ್ ಊರವರಿಗೆ ಬರೆದುಕೊಟ್ಟಿದ್ದಾನೆ. ನಾನೂ ಅಲ್ಲಿನ ಹಳೇ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಂಡೆ, ನೋಡಿದೆಯಲ್ಲ. ಫೋಟೋದಲ್ಲಿ ಕಾಣದ್ದು ಒಂದಿದೆ. ಎರಡು ಸಲ ಹಿಂದೆ ತಿರುಗಿ ನೋಡಿದೆ, ವಾಚ್‌ಮನ್ ಬಂದನಾ ಅಂತ. ಮೂವತ್ತು ವರ್ಷ ಆಯ್ತು ಮಾರಾಯ!

ಆವತ್ತು ಗಾಲ್ಫ್ ಮೈದಾನದ ಗೋಡೆ ಹಾರಿ ಚೆಂಡು ಹೆಕ್ಕುವಾಗ ನೀನು ಸಿಕ್ಕಿಬಿದ್ದೆಯಲ್ಲ, ನಾನು ದೊಡ್ಡವರನ್ನು ಕರೆಯಲು ಓಡಿದೆ ಅಂದಿದ್ದೆ. ಎಲ್ಲೂ ಓಡಿರಲಿಲ್ಲ. ಲಂಟಾನದ ಪೊದೆಯಲ್ಲಿ ಕೂತಿದ್ದೆ. ಜೊತೆಗೆ ಯಾರಿದ್ದರು ಅಂತ ವಾಚ್‌ಮನ್ ಕೇಳಿದ್ದು, ಯಾರೂ ಇಲ್ಲ ಅಂತ ನೀನು ಅಂದದ್ದು, ಆಮೇಲೆ ಬಿದ್ದ ಏಟು, ಎಲ್ಲ ಕೇಳಿಸಿತು. ನನ್ನ ಜೇಬಿನ ಚೆಂಡುಗಳು ಬಿದ್ದುಹೋದವು ಅಂದಿದ್ದೂ ಸುಳ್ಳು. ಮಾರಿದೆ. ಆ ದುಡ್ಡಲ್ಲಿ ನಿನಗೇ ಮಸಾಲೆ ದೋಸೆ ಕೊಡಿಸಿ ದೊಡ್ಡ ಮನುಷ್ಯ ಅನ್ನಿಸಿಕೊಂಡೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸುಮ್ನೆ ಸೇತುವೆ ವಿಷಯ ಹೇಳೋಣ ಅಂತಿದ್ದೆ.

ಅಂಗಡಿಯಲ್ಲಿ ನಿನಗೆ ಒಂದು ಚೆಂಡು ತಗೊಂಡಿದ್ದೇನೆ. ದುಡ್ಡು ಕೊಟ್ಟು. ರಸೀದಿ ಬೇಕಾದರೂ ಕಳಿಸುತ್ತೇನೆ.

ನಿನ್ನ,
ಅರ್ಧ ಪ್ಲೇಟು