ಬಾಗಿನ ಬಂತು, ಅಪ್ಪನ ಕಾಲು ನಾಳೆಯೇ ತೋರಿಸಿ

ಕ್ಲೇಟನ್, ಮೆಲ್ಬರ್ನ್
ಭಾನುವಾರ, 23 ಆಗಸ್ಟ್ 2020

ಅಮ್ಮ, ಅಪ್ಪ ಇಬ್ಬರಿಗೂ ನಮಸ್ಕಾರಗಳು. ಅಜ್ಜಿಗೂ ಹೇಳು. ನಾವೆಲ್ಲ ಇಲ್ಲಿ ಕ್ಷೇಮ.

ಅಮ್ಮಾ, ಎಲ್ಲ ಬಂತು. ಬುಧವಾರ ಕೊರಿಯರಿನಲ್ಲಿ ಸೀರೆ, ಮಾಸ್ಕು, ನಿನ್ನ ಕಾಗದ. ಶುಕ್ರವಾರ ಗೌರಿ ಹೊತ್ತಿಗೆ ಸರಿಯಾಗಿ ಬಾಗಿನ. ನೀನು ಫೋನಿನಲ್ಲಿ ಒಂದು ಮಾತೂ ಬಿಟ್ಟುಕೊಡಲಿಲ್ಲವಲ್ಲ!

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ದರೆ ಉಳಿದದ್ದು ನಿನ್ನ ತಲೆಗೆ ಹೋಗೋದಿಲ್ಲ. ನನಗೆ ಕೊರೋನಾ ಇಲ್ಲ. ನಾನು ಕೆಲಸ ಮಾಡುವ ಏಜ್ಡ್ ಕೇರಿನಲ್ಲಿ, ಅದೇ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ, ನನ್ನ ಜೊತೆ ಶಿಫ್ಟು ಮಾಡಿದ ಹುಡುಗಿಗೆ ಪಾಸಿಟಿವ್ ಬಂತು, ಅದಕ್ಕೆ ನಾವೆಲ್ಲ 14 ದಿನ ಮನೆ ಬಿಟ್ಟು ಹೊರಡಬಾರದು ಅಂತ ಆರೋಗ್ಯ ಇಲಾಖೆಯವರು ಹೇಳಿದ್ದಾರೆ. ಅಷ್ಟೇ. ಟೆಸ್ಟು ನೆಗೆಟಿವ್. ಜ್ವರ ಇಲ್ಲ, ಕೆಮ್ಮಿಲ್ಲ, ಕಾಫಿ ವಾಸನೆ ಮೂಗಿಗೆ ಚೆನ್ನಾಗಿ ಬಡೀತಿದೆ. ಹಿತ್ತಲ ಕಡೆಯ ರೂಮಿನಲ್ಲಿ ನಾನೊಬ್ಬಳೇ ಇದ್ದೀನಿ. ಇವರು ಊಟದ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಬಾಗಿಲು ತಟ್ಟಿ ಹೋಗ್ತಾರೆ. ಪುಟ್ಟಿ ಗೋಡೆಯ ಆ ಕಡೆ ಕೂತು ಮಗ್ಗಿ ಒಪ್ಪಿಸ್ತಾಳೆ. ಹೊತ್ತುಹೊತ್ತಿಗೆ ಊಟ, ಕಣ್ತುಂಬ ನಿದ್ದೆ. ಸಂಬಳವೂ ನಿಂತಿಲ್ಲ. ದಯವಿಟ್ಟು ದೇವರಿಗೆ ಹೊಸ ಹರಕೆ ಏನೂ ಹೊತ್ತುಕೊಳ್ಳಬೇಡ.

ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹಬ್ಬ ಇಲ್ಲದೆ ಹಬ್ಬದ ದಿನ ಹೇಗೆ ಕಳೆಯೋದು ಅಂತ ಕೂತಿದ್ದೆ. ಪಕ್ಕದ ಓಣಿಯ ಗೇಟು ಕಿರುಗುಟ್ಟಿತು. ನೋಡಿದರೆ ಸುಮಕ್ಕ. ಓಕ್ಲಿಯಲ್ಲಿರೋದರಿಂದ ಅವಳ ಮನೆ ನಮಗೆ 5 ಕಿಲೋಮೀಟರ್ ಒಳಗೇ ಬರುತ್ತೆ. ಈಗ ಅದರಾಚೆ ಯಾರೂ ಹೋಗುವ ಹಾಗಿಲ್ಲ. ನನ್ನ ಗಾಜಿನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಏನೋ ಇಟ್ಟು, ಬಟ್ಟೆ ಒಣಗಿಸುವ ತಂತಿಯ ಹತ್ತಿರ ದೂರ ಹೋಗಿ ನಿಂತು ಫೋನ್ ಮಾಡಿದಳು. "ಬಾಗಿಲು ತೆಗಿ, ತೀರ್ಥಹಳ್ಳಿಯಿಂದ ಬಂದಿದೆ" ಅಂದಳು.

ಅಮ್ಮ, ಎರಡು ಮೊರ. ಇಲ್ಲಿ ಮೊರ! ಅವಳ ಅತ್ತೆ ಹಿಂದೆ ಬಂದಾಗ ತಂದುಕೊಟ್ಟದ್ದಂತೆ, ಜೋಪಾನ ಮಾಡಿಟ್ಟಿದ್ದಳು. ಅಂಚಿಗೆಲ್ಲ ಅರಿಶಿನ ಬಳಿದು, ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದ್ದಳು. ಒಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಗೋಧಿ, ಬೆಲ್ಲ, ತೆಂಗಿನಕಾಯಿ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ಹಸಿರು ಬಳೆ, ರವಿಕೆ ಕಣ, ಮೇಲೆ 16 ಗಂಟಿನ ಗೌರಿದಾರ. ನೀನು ಒಂದೊಂದೇ ಹೇಳಿ ಬರೆಸಿದ ಪಟ್ಟಿಯನ್ನೂ ಆಮೇಲೆ ಫೋಟೋ ತೆಗೆದು ಕಳಿಸಿದಳು. "ಬಳೆ ಹಸಿರೇ ಇರಲಿ, ಅವಳಿಗೆ ಕೆಂಪು ಒಪ್ಪೋದಿಲ್ಲ" ಅಂತ ಅದರಲ್ಲಿ ಬರೆದುಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ತಂತಿಯ ಹತ್ತಿರ, ನಾನು ಹೊಸ್ತಿಲ ಒಳಗೆ, ಇಬ್ಬರೂ ಮಾಸ್ಕು ಹಾಕಿಕೊಂಡು ಅತ್ತೆವು. ಅರಿಶಿನ ಕುಂಕುಮ ಕೊಡೋಕೂ ಆಗಲಿಲ್ಲ ಅಂತ ನನಗಿನ್ನೂ ಹೊಟ್ಟೆ ಉರೀತಿದೆ. ಇದೆಲ್ಲ ಮುಗಿದ ಮೇಲೆ ಅವಳಿಗೆ ಒಳ್ಳೆ ಸೀರೆ ಉಡಿಸ್ತೀನಿ.

ನಿನ್ನ ಸೀರೆ ಅವತ್ತೇ ಉಟ್ಟೆ. ಮಾಸ್ಕುಗಳನ್ನು ನೋಡಿದ ತಕ್ಷಣ ಗೊತ್ತಾಯ್ತು, ಅದು ನಿನ್ನ ಬೂದುಬಣ್ಣದ ಚೌಕಳಿ ಹತ್ತಿ ಸೀರೆ. ಒಗೆದು ಒಗೆದು ಮೆತ್ತಗಾದ ಬಟ್ಟೆ, ಮೂರು ಪದರ, ಮೂಗಿನ ಹತ್ತಿರ ಒಳಗೆ ತಂತಿ ಬೇರೆ ಇಟ್ಟು ಹೊಲಿದಿದ್ದೀಯ. ಅಂಗಡಿಯದು ಕಿವಿ ಕೊಯ್ಯುತ್ತೆ ಅಂತ ಎಂದೋ ಹೇಳಿದ್ದು ನೆನಪಿಟ್ಟುಕೊಂಡು ಲಾಡಿ ಹಾಕಿದ್ದೀಯಲ್ಲ ಅಮ್ಮ. ಇಲ್ಲಿ ಮಾಸ್ಕಿಲ್ಲದೆ ಹೊರಗೆ ಕಾಲಿಟ್ಟರೆ 200 ಡಾಲರ್ ದಂಡ. ಡ್ಯೂಟಿಗೆ ಅವರು ಕೊಡುವುದನ್ನೇ ಹಾಕಬೇಕು, ಉಳಿದಂತೆ ಮನೆಮಂದಿಗೆಲ್ಲ ಇನ್ನು ನಿನ್ನದೇ.

ಪುಟ್ಟಿಯ ವಿಷಯ. ಇಲ್ಲಿ ಮಕ್ಕಳು ಮರದ ಚಮಚಕ್ಕೆ ಕಣ್ಣು ಮೂಗು ಬರೆದು, ಬಟ್ಟೆ ಸುತ್ತಿ, ರಸ್ತೆ ಬದಿಯ ಮಣ್ಣಿನಲ್ಲಿ ಸಾಲಾಗಿ ನೆಡ್ತಾರೆ. ಅದಕ್ಕೆ ಸ್ಪೂನ್‌ವಿಲ್ ಅಂತ ಹೆಸರು. ಆಟದ ಮೈದಾನಕ್ಕೆಲ್ಲ ಬೀಗ, ದಿನಕ್ಕೆ ಒಂದೇ ಗಂಟೆ ವಾಕಿಂಗ್ ಬಿಟ್ಟಿರೋದು, ಆ ಒಂದು ಗಂಟೆಯಲ್ಲಿ ಹೋಗಿ ಯಾರ ಚಮಚ ಹೊಸದು ಅಂತ ನೋಡಿ ಬರ್ತಾರೆ. ನಮ್ಮವಳ ಚಮಚಕ್ಕೆ ನಿನ್ನ ರವಿಕೆ ಕಣದ ಚೂರು ಸೀರೆಯಾಗಿದೆ, ಹಣೆಗೆ ಕುಂಕುಮ ಇದೆ. ಇಡೀ ಸಾಲಿನಲ್ಲಿ ಅದೇ ಚೆಂದ ಅಂತ ಪಕ್ಕದ ಮನೆಯ ಗ್ರೀಕ್ ಅಜ್ಜಿಯೇ ಹೇಳಿದಳಂತೆ. ಆ ಅಜ್ಜಿ ನಾನು ಒಳಗೆ ಕೂತ ಸುದ್ದಿ ಕೇಳಿ ಬೇಲಿ ಮೇಲೆ ಒಂದು ಬಕೆಟ್ ನಿಂಬೆಹಣ್ಣು ಇಟ್ಟು ಹೋಗಿದ್ದಾಳೆ, ಅವಳದೇ ಮರದ್ದು. ಹಬ್ಬಕ್ಕೆ ಚಿತ್ರಾನ್ನ ಆಯ್ತು, ಉಳಿದದ್ದು ಉಪ್ಪಿನಲ್ಲಿದೆ. ಹೊರದೇಶದವರಿಗೆ ಅಂತಃಕರಣ ಇಲ್ಲ ಅಂತ ಶಾರದತ್ತೆ ಹೇಳ್ತಾರಲ್ಲ, ಅವರಿಗೆ ಇದನ್ನು ಓದಿ ಹೇಳು. ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಅಂದರೆ ರಸ್ತೆಯಲ್ಲಿ ಒಂದು ಕಾರಿಲ್ಲ. ಕಟ್ಟುನಿಟ್ಟಿಗೆ ಫಲ ಸಿಗ್ತಿದೆ. ಈ ತಿಂಗಳ 5ನೇ ತಾರೀಕು ಒಂದೇ ದಿನಕ್ಕೆ 725 ಕೇಸು ಇತ್ತು, ಈಗ ಇನ್ನೂರರ ಆಸುಪಾಸಿಗೆ ಇಳಿದಿದೆ.

ಇನ್ನು ನಾನು ಈ ಕಾಗದ ಬರೆಯೋಕೆ ಕೂತ ಕಾರಣ.

ನಿನ್ನ ಕಾಗದದಲ್ಲಿ, ಮಾಸ್ಕು ಒಗೆಯೋದು ಹೇಗೆ ಅನ್ನೋದಕ್ಕೂ ಪತ್ರೊಡೆಯ ಸುದ್ದಿಗೂ ಮಧ್ಯೆ ಒಂದು ಸಾಲು ತುರುಕಿದ್ದೀಯ: "ಅಪ್ಪನ ಹೆಬ್ಬೆರಳ ಬುಡದ ಗಾಯ ಇನ್ನೂ ಒಣಗಿಲ್ಲ, ಆದರೆ ನೋವೇನೂ ಇಲ್ಲವಂತೆ." ಯಾವ ಗಾಯ ಅಮ್ಮ? ನನಗೆ ಯಾರೂ ಹೇಳಲೇ ಇಲ್ಲ. ಅಣ್ಣನಿಗೆ ಫೋನ್ ಮಾಡಿದ ಮೇಲೆ ಗೊತ್ತಾಯ್ತು, ತೋಟಕ್ಕೆ ಔಷಧಿ ಹೊಡೆಸುವಾಗ ಹರಕು ಚಪ್ಪಲಿಯಲ್ಲಿ ಮಳೆಯಲ್ಲೇ ನಿಂತಿದ್ದರು, ಆಗ ಆದದ್ದು ಅಂತ. ಆಷಾಢದ ಗಾಯ ಭಾದ್ರಪದಕ್ಕೂ ಹಸಿಯಾಗೇ ಇದೆ.

ನೋವಿಲ್ಲ ಅಂತ ನೀನು ಸಮಾಧಾನಕ್ಕೆ ಬರೆದೆ. ನನಗೆ ನಿದ್ದೆ ಹೋದದ್ದು ಅದೇ ಮಾತಿಗೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದರೆ ಪಾದದ ನರಗಳು ಮರಗಟ್ಟುತ್ತವೆ. ಮುಳ್ಳು ಚುಚ್ಚಿದರೂ ತಿಳಿಯೋದಿಲ್ಲ, ಬಿಸಿನೀರು ಸುಟ್ಟರೂ ತಿಳಿಯೋದಿಲ್ಲ. ರಕ್ತ ಓಡಾಟವೂ ಕಡಿಮೆಯಾದರೆ ಗಾಯ ಮಾಗೋದಿಲ್ಲ, ಮೇಲೆ ಪೊರೆ ಕಟ್ಟಿದಂತೆ ಕಂಡು ಒಳಗೆ ಕೀವು ಮೂಳೆಯವರೆಗೆ ಇಳಿಯುತ್ತೆ. ಅಪ್ಪನ ಪಾದದಲ್ಲಿ ನೋವು ಇರಬೇಕಾಗಿತ್ತು ಅಮ್ಮ. ನಮ್ಮಲ್ಲಿ ಒಬ್ಬ ಇಟಲಿಯ ತಾತ ಇದ್ದಾರೆ. ಬೂಟು ಕಚ್ಚಿದ ಗುಳ್ಳೆಯನ್ನು ನೋವಿಲ್ಲ ಅಂತ ಬಿಟ್ಟಿದ್ದಕ್ಕೆ ಬಲಪಾದದ ಅರ್ಧ ತೆಗೆಯಬೇಕಾಯ್ತು. ಅವರ ಕಾಲಿಗೆ ಬ್ಯಾಂಡೇಜು ಕಟ್ಟುವವಳು ನಾನೇ. ಊರಿನವರ ಅಪ್ಪಂದಿರ ಪಾದ ತೊಳೆದು ಬೆರಳ ಸಂದು ಒರೆಸೋದು ನನ್ನ ದಿನದ ಕೆಲಸ, ನಮ್ಮಪ್ಪನ ಪಾದ ನೋಡೋಕೆ ಮಾತ್ರ ನನಗೆ ದಾರಿಯಿಲ್ಲ.

ಬರ್ತೀನಿ ಅಂದರೆ ಬರೋಕಾಗಲ್ಲ. ಇಲ್ಲಿಂದ ಹೊರಡೋಕೆ ಸರ್ಕಾರದ ಅಪ್ಪಣೆ ಬೇಕು, ವಾಪಸ್ ಬರೋಕೆ ಮೆಲ್ಬರ್ನಿಗೆ ಹೊರದೇಶದ ಪ್ರಯಾಣಿಕರನ್ನೇ ಇಳಿಸ್ತಿಲ್ಲ. ಬೇರೆ ಊರಿನಲ್ಲಿ ಇಳಿದರೂ ಹೋಟೆಲಿನಲ್ಲಿ 14 ದಿನ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಫೋನಿನಲ್ಲಿ ಹೇಳಿದರೆ ಅಪ್ಪ "ಸರಿ ಮಗಾ, ನೋಡೋಣ" ಅಂತ ಇಟ್ಟುಬಿಡ್ತಾರೆ, ಇಲ್ಲ ಮಳೆಗೆ ನೆಟ್‌ವರ್ಕ್ ಹೋಗುತ್ತೆ.

ನಾಳೆ ಸೋಮವಾರ ಬೆಳಿಗ್ಗೆ ನಮ್ಮ ಡಾಕ್ಟರ ಹತ್ತಿರ ಹೋಗಲೇಬೇಕು. ಅಣ್ಣ ಕಾರು ತರ್ತಾನೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತುಂಬ ಕೊರೋನಾದವರು ಅಂತ ಅಪ್ಪ ಹೆದರ್ತಾರಂತೆ. ಅಲ್ಲಿಗೇ ಹೋಗಿ ಅಂತ ನಾನು ಹೇಳ್ತಿಲ್ಲ. ಡಾಕ್ಟರು ಗಾಯ ನೋಡಿ ಸರ್ಜನ್ ಬೇಕು ಅಂದರೆ ಅಲ್ಲಿಂದಲೇ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ, ಮನೆಗೆ ಬಂದು ಯೋಚನೆ ಮಾಡೋದು ಬೇಡ. ಎಕ್ಸ್‌ರೇ ಬೇಕಾ, ಕಾಲಿನ ರಕ್ತ ಓಡಾಟ ಹೇಗಿದೆ, ಇದೆರಡನ್ನೂ ಅಣ್ಣ ಬಾಯಿಬಿಟ್ಟು ಕೇಳಲಿ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಟೆಸ್ಟೂ ಮಾಡಿಸಲಿ, ಯುಗಾದಿಗೆ ಮುಂಚೆ ನೋಡಿಸಿದ ಸಕ್ಕರೆ ಈಗ ಲೆಕ್ಕಕ್ಕೆ ಬರೋದಿಲ್ಲ.

ಅಲ್ಲಿಯವರೆಗೆ ಗಾಯಕ್ಕೆ ಅರಿಶಿನ ಬೇಡ, ಸುಣ್ಣ ಬೇಡ, ಅಜ್ಜಿಯ ಸೊಪ್ಪಿನ ರಸವೂ ಬೇಡ, ಅಜ್ಜಿಗೆ ಬೇಜಾರಾದರೆ ನನ್ನ ಮೇಲೆ ಹೇಳು. ಬಿಸಿನೀರಿನಲ್ಲಿ ಕಾಲು ಅದ್ದಿ ಕೂರೋದು ಬೇಡವೇ ಬೇಡ. ಆ ಕಾಲಿನ ಮೇಲೆ ಭಾರ ಹಾಕಬಾರದು. ತೋಟದ ಕಡೆ ತಲೆಯಿಟ್ಟೂ ಮಲಗಬಾರದು ಅಂತ ನಾನು ಹೇಳಿದೆ ಅಂತ ಹೇಳು. ಎರಡನೇ ಸಲದ ಔಷಧಿಯನ್ನು ಅಣ್ಣನೇ ನಿಂತು ಹೊಡೆಸ್ತಾನೆ, ಮಾತಾಡಿದ್ದೀನಿ. ಗಾಯದ ಸುತ್ತ ಕೆಂಪು ಏರಿದರೆ, ವಾಸನೆ ಬಂದರೆ, ಕಪ್ಪಾದರೆ, ಚಳಿಜ್ವರ ಬಂದರೆ ರಾತ್ರಿಯಾದರೂ ಸರಿ ಹೊರಡಿ.

ದುಡ್ಡಿನ ಯೋಚನೆ ಅಪ್ಪನಿಗೆ ಬೇಡ. ಅಡಿಕೆ ಕೊಯ್ಲಾಗಲಿ ಅಂತ ಕಾಯೋದು ಬೇಡ. ಅಣ್ಣನ ಖಾತೆಗೆ ಹಾಕಿದ್ದೀನಿ, ಇನ್ನೂ ಬೇಕಾದರೆ ಇದೆ, ನಮಗೆ ಇಲ್ಲಿ ಒಂದು ಚೂರೂ ತೊಂದರೆ ಇಲ್ಲ. ನಿನಗೊಬ್ಬಳಿಗೇ ಹೇಳದೆ ಕಳಿಸೋಕೆ ಬರುತ್ತಾ? ನಾನೂ ಕಳಿಸಿದ್ದೀನಿ. ಈ ವಾರ ಅಂಗಳಕ್ಕೆ ಒಂದು ಡಬ್ಬಿ ಬರುತ್ತೆ. ಅದರಲ್ಲಿ ಮನೆಯಲ್ಲೇ ಸಕ್ಕರೆ ನೋಡುವ ಮಿಷನ್ನು, ಅದರ ಸ್ಟ್ರಿಪ್ಪು, ಅಪ್ಪನಿಗೆ ಎಂಸಿಆರ್ ಚಪ್ಪಲಿ (ಸಕ್ಕರೆ ಕಾಯಿಲೆಯವರ ಪಾದಕ್ಕೆ ಅಂತಲೇ ಇರುವ ಮೆತ್ತನೆ ರಬ್ಬರಿನದು) ಇವೆ. ಚಪ್ಪಲಿ ಗಾಯ ಮಾಗಿ ಡಾಕ್ಟರು ಸೈ ಅಂದ ಮೇಲೆ, ಆಮೇಲೆ ಮನೆಯೊಳಗೂ ಅದೇ. ದಿನಾ ರಾತ್ರಿ ನೀನೇ ಕನ್ನಡಕ ಹಾಕಿಕೊಂಡು ಎರಡೂ ಅಂಗಾಲು ನೋಡಬೇಕು.

ಅಪ್ಪಾ, ಇದು ನಿಮಗೆ. ಸಿಟ್ಟು ಮಾಡ್ಕೋಬೇಡಿ. ನಿಮ್ಮ ಮಗಳು ಇದನ್ನೇ ಓದಿದ್ದು, ಇದನ್ನೇ ಮಾಡ್ತಿರೋದು, ಓದಿಸಿದವರು ನೀವು. ಈ ಒಂದು ಮಾತು ಕೇಳಿ.

ಇವರು ಬಾಗಿಲು ತಟ್ಟಿದರು, ಊಟ ಆರುತ್ತೆ. ಇದರ ಫೋಟೋ ತೆಗೆದು ಅಣ್ಣನಿಗೆ ಕಳಿಸ್ತೀನಿ, ಅವನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ತರ್ತಾನೆ. ನಾಳೆ ನಿಮ್ಮ ಸಂಜೆ ನಾಲ್ಕಕ್ಕೆ ಫೋನ್ ಮಾಡ್ತೀನಿ, ಅಷ್ಟರೊಳಗೆ ಡಾಕ್ಟರ ಹತ್ತಿರ ಹೋಗಿ ಬಂದಿರಬೇಕು. ನನ್ನ ಬಗ್ಗೆ ಚಿಂತೆ ಬೇಡ, ನಾನು ಪೂರ್ತಿ ಆರಾಮ. ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ ಮಗಳು,
ಶೈಲ

ತಾ.ಕ.: ಸ್ಟ್ರಿಪ್ಪಿನ ಡಬ್ಬಿ ತೆಗೆದ ತಕ್ಷಣ ಬಿಗಿಯಾಗಿ ಮುಚ್ಚಿಡಿ, ಮಳೆಗಾಲದ ತೇವಕ್ಕೆ ಹಾಳಾಗುತ್ತೆ. ಅಡುಗೆಮನೆಯಲ್ಲಿ ಇಡಬೇಡಿ.